ಬೆಳ್ಳಿ ಹಡಗಿಗೆ ಎಷ್ಟು ಫಿರಂಗಿ?

ಮದುವೆಯಾದ ಹೊಸತರಲ್ಲಿ ಗಂಡ ಏನೇನು ಹೇಳುತ್ತಾನೆ ಎಂಬುದನ್ನು ನನ್ನ ತವರು ವಾಮದಪದವಿನ ಗೆಳತಿಯರು ಬೇಕಾದಷ್ಟು ಹೇಳಿಕೊಟ್ಟಿದ್ದರು. ಅವನು ಅಡುಗೆಮನೆಯ ನೆಲದ ಮೇಲೆ ದೋಸೆ ಕಾವಲಿಯನ್ನು ಕವುಚಿ ಹಾಕಿ, ಇದು ವಿಮಾನ ಇಳಿಯುವ ಹಡಗು ಎಂದು ತೋರಿಸುತ್ತಾನೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ಅರುವತ್ತರ ದಶಕದ ಮೊದಲ ವರ್ಷಗಳು. ನನ್ನನ್ನು ಕೊಟ್ಟದ್ದು ಬಂಟ್ವಾಳ ಪೇಟೆಯಲ್ಲಿ ನೇತ್ರಾವತಿಗೆ ಬೆನ್ನು ಹಾಕಿ ನಿಂತ ಒಂದು ಮನೆಗೆ. ಮಾವ ಇದ್ದಾಗ ಆ ಮನೆಯವರು ಮಂಗಳೂರಿಗೆ ದೋಣಿಯಲ್ಲಿ ಸಾಮಾನು ಸಾಗಿಸುತ್ತಿದ್ದರಂತೆ. ಲಾರಿಗಳು ಬಂದ ಮೇಲೆ ದೋಣಿ ದಡಕ್ಕೆ ಬಿತ್ತು, ಅದರ ಹಲಗೆ ಒಂದೊಂದಾಗಿ ಬಚ್ಚಲಿನ ಒಲೆಗೆ ಹೋಯಿತು. ಮಾವನೂ ಹೋದರು. ಜೀವಮಾನವೆಲ್ಲ ಹೊಳೆಯ ಮೇಲೆ ಕಳೆದ ಮನುಷ್ಯ ಕೊನೆಗೆ ತೀರಿಕೊಂಡದ್ದು ಚಾಪೆಯ ಮೇಲೆ, ಜ್ವರದಲ್ಲಿ. ಹಾಗಾಗಿ ನನ್ನ ಅತ್ತೆಗೆ ನೀರಿನ ಬಗ್ಗೆ ಯಾವ ದೂರೂ ಇರಲಿಲ್ಲ. ಒಬ್ಬನೇ ಮಗ ನೌಕಾಪಡೆಗೆ ಸೇರುತ್ತೇನೆ ಎಂದಾಗ ಊರಿನವರು ಬಾಯಿ ಬಡಿದುಕೊಂಡರೆ ಅತ್ತೆ ಒಂದೇ ಮಾತು ಹೇಳಿದ್ದರಂತೆ. "ನೀರು ನಮ್ಮವರನ್ನು ತಿನ್ನುವುದಿಲ್ಲ. ಹೋಗಲಿ."

ನಮ್ಮ ಮನೆಯ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಅತ್ತೆಯ ಬೈಗುಳ ಕನ್ನಡಕ್ಕೆ ಬರುವಷ್ಟರಲ್ಲಿ ಅರ್ಧ ಖಾರ ಕಳೆದುಕೊಳ್ಳುತ್ತದೆ, ಅದಕ್ಕೆ ನಾನು ಜವಾಬ್ದಾರಳಲ್ಲ.

ಚಾವಡಿಯ ಗೋಡೆಯಲ್ಲಿ ಮಗನ ಒಂದು ಫೋಟೋ ಇತ್ತು. ಬಿಳಿ ಅಂಗಿ, ದುಂಡು ಟೊಪ್ಪಿ, ಬೆನ್ನ ಹಿಂದೆ ತೆಂಗಿನ ಮರದಷ್ಟು ಉದ್ದದ ಫಿರಂಗಿ. ಆ ಫಿರಂಗಿಯನ್ನು ಹಾರಿಸುವವನು ತನ್ನ ಮಗನೇ ಎಂದು ಅತ್ತೆ ನಂಬಿದ್ದರು. ಪೇಟೆಯನ್ನೂ ನಂಬಿಸಿದ್ದರು. ನನ್ನ ಅಪ್ಪ ಹೆಣ್ಣು ಕೊಟ್ಟದ್ದೂ ಆ ಫಿರಂಗಿಗೇ ಎಂದು ನನಗೆ ಸಂಶಯ. ಮದುವೆಯಾದ ವಾರದಲ್ಲಿ ನಾನೇ ಗಂಡನನ್ನು ಕೇಳಿದೆ, ಅದು ಹಾರಿದಾಗ ಕಿವಿ ಕೆಪ್ಪಾಗುವುದಿಲ್ಲವಾ ಎಂದು.

ಇವರು ತಲೆ ಕೆರೆದುಕೊಂಡರು. "ನಾನು ಅದನ್ನು ಮುಟ್ಟಿದವನೇ ಅಲ್ಲ ಮಾರಾಯ್ತಿ. ನಾನು ಅಡುಗೆಯವ. ಫೋಟೋ ತೆಗೆಯುವವ ಅಲ್ಲಿ ನಿಲ್ಲು ಅಂತ ಹೇಳಿದ, ನಿಂತೆ. ಅಮ್ಮ ಕೇಳಲಿಲ್ಲ, ನಾನು ಹೇಳಲಿಲ್ಲ."

ನನಗೆ ಆದ ಸಂತೋಷವನ್ನು ಏನು ಹೇಳಲಿ. ಮನುಷ್ಯರನ್ನು ಕೊಲ್ಲುವವರ ಬಟ್ಟೆ ಒಗೆಯಬೇಕಲ್ಲ ಎಂದು ಒಳಗೊಳಗೇ ಹೆದರಿದ್ದೆ. ಚಪಾತಿ ಲಟ್ಟಿಸುವವರ ಬಟ್ಟೆ ಒಗೆಯಲು ಯಾವ ಹೆದರಿಕೆಯೂ ಇಲ್ಲ. ಅದೂ ಅಲ್ಲದೆ, ಇವರು ಈಗ ಇದ್ದದ್ದು ಫೋಟೋದಲ್ಲಿದ್ದ ಹಡಗಿನಲ್ಲಿ ಅಲ್ಲವಂತೆ, ಎಣ್ಣೆ ಹಡಗಿನಲ್ಲಂತೆ. ಎಣ್ಣೆ ಹಡಗು ಎಂದರೆ ಏನು ಎಂದು ಕೇಳಿದ್ದೇ ಕೇಳಿದ್ದು, ಕಾವಲಿ ನೆಲಕ್ಕೆ ಬಂತು.

ಕಾವಲಿ ವಿಮಾನದ ಹಡಗು. ಅದರ ಸುತ್ತ ಕಾವಲು ನಿಂತ ನಾಲ್ಕು ಸೌಟು, ಫಿರಂಗಿ ಇರುವ ಹಡಗುಗಳು. "ಕಾವಲಿ ದೊಡ್ಡದು, ಆದರೆ ಅದಕ್ಕೆ ತನ್ನನ್ನು ನೋಡಿಕೊಳ್ಳಲಿಕ್ಕೆ ಬರುವುದಿಲ್ಲ. ಮದುವೆ ಮನೆಯ ಹಿರಿಯರ ಹಾಗೆ, ನಾಲ್ಕು ಜನ ಸುತ್ತ ಬೇಕು." ಮುಂದುಗಡೆ ಒಂದು ತೆಂಗಿನ ಗೆರಟೆ, ಅದರ ಹಿಂದೆ ದಾರದಲ್ಲಿ ಕಟ್ಟಿದ ಹಿಡಿಸೂಡಿಯ ಕಡ್ಡಿ. ವೈರಿ ನೀರಿನೊಳಗೆ ಹುಗಿದಿಟ್ಟ ಬಾಂಬುಗಳನ್ನು ಗುಡಿಸಿ ತೆಗೆಯುವುದು ಅದರ ಕೆಲಸ. ಅದನ್ನು ಮರದಲ್ಲೇ ಮಾಡುತ್ತಾರಂತೆ, ಕಬ್ಬಿಣದ್ದಾದರೆ ಬಾಂಬು ತಾನಾಗಿ ಬಂದು ತಬ್ಬಿಕೊಳ್ಳುತ್ತದಂತೆ. ಅಕ್ಕಿ ಅಳೆಯುವ ಸೇರು ಇಟ್ಟದ್ದು ಸಮುದ್ರದ ಆಳ ಅಳೆದು ನಕ್ಷೆ ಮಾಡುವ ಹಡಗಿಗೆ. ಎಲ್ಲರ ಹಿಂದೆ ಕುಂಟುತ್ತಾ ಬಂದದ್ದು ಎಣ್ಣೆ ಗಿಂಡಿ.

"ಇದು ನಾನು," ಎಂದರು ಇವರು. "ನಾನಿಲ್ಲದಿದ್ದರೆ ಇವರೆಲ್ಲ ಎರಡು ದಿನಕ್ಕೆ ನಿಂತಲ್ಲೇ ನಿಲ್ಲಬೇಕು. ಆದರೆ ನಮ್ಮನ್ನು ಯಾರೂ ಫೋಟೋ ತೆಗೆಯುವುದಿಲ್ಲ."

ನೀರೊಳಗೆ ಮುಳುಗಿ ಹೋಗುವ ಹಡಗು ಎಲ್ಲಿ ಎಂದೆ. ಅದು ಬೇರೆ ದೇಶದವರ ಹತ್ತಿರ ಉಂಟು, ನಮ್ಮಲ್ಲಿ ಇನ್ನೂ ಇಲ್ಲ, ಇಲ್ಲದ್ದನ್ನು ನಾನು ಇಡುವುದಿಲ್ಲ ಎಂದರು. ಸುಳ್ಳು ಹೇಳದ ಮನುಷ್ಯ. ಕೇಳದಿದ್ದರೆ ಸತ್ಯವನ್ನೂ ಹೇಳದ ಮನುಷ್ಯ, ಅದು ನನಗೆ ಆಮೇಲೆ ಗೊತ್ತಾದದ್ದು.

ಅಷ್ಟರಲ್ಲಿ ಅತ್ತೆ ಒಳಗೆ ಬಂದರು. ಗಂಡಸು ಅಡುಗೆಮನೆಯಲ್ಲಿ ಕೂತದ್ದನ್ನು ನೋಡಿ ಅವರಿಗೆ ತಲೆ ತಿರುಗಿತು. ಎಡಗಾಲಿನಲ್ಲಿ ಎರಡು ಸೌಟು ಮುಳುಗಿಸಿ, ಬಗ್ಗಿ ಕಾವಲಿಯನ್ನು ಎತ್ತಿಕೊಂಡು, "ನಾಳೆ ದೋಸೆಗೆ ಇದು ಬೇಕು. ಆಡಲಿಕ್ಕೆ ಹೊರಗೆ ಗೆರಟೆ ಬೇಕಾದಷ್ಟು ಉಂಟು" ಎಂದು ಹೋದರು. ಒಂದು ನೌಕಾಪಡೆ ಇಷ್ಟು ಬೇಗ ಸೋತದ್ದನ್ನು ನಾನು ಮತ್ತೆ ಎಲ್ಲೂ ಓದಿಲ್ಲ.

ರಜೆಗೆ ಬಂದಾಗಲೆಲ್ಲ ಇವರು ಹಡಗಿನ ಸುದ್ದಿ ತರುತ್ತಿದ್ದರು. ಯುದ್ಧದ ಹಡಗುಗಳು ಯುದ್ಧ ಮಾಡುವುದು ಬಹಳ ಕಡಿಮೆ ಎಂದು ನನಗೆ ಗೊತ್ತಾದದ್ದು ಹಾಗೆ. ಹೆಚ್ಚಿನ ದಿನ ಅವಕ್ಕೆ ಬಣ್ಣ ಬಳಿಯುತ್ತಾ ಇರುತ್ತಾರೆ. ಒಂದು ಕಡೆಯಿಂದ ಉಪ್ಪು ತಿನ್ನುತ್ತಾ ಬರುತ್ತದೆ, ಇನ್ನೊಂದು ಕಡೆಯಿಂದ ಇವರು ಬಳಿಯುತ್ತಾ ಹೋಗುತ್ತಾರೆ. ಹಿತ್ತಾಳೆ ತಿಕ್ಕುತ್ತಾರೆ. ಬೇರೆ ದೇಶದ ಬಂದರಿಗೆ ಹೋಗಿ ಬಾವುಟ ಕಟ್ಟಿ, ಅಲ್ಲಿನ ಮಕ್ಕಳನ್ನು ಹತ್ತಿಸಿಕೊಂಡು, ಸಿಹಿ ಕೊಟ್ಟು ಇಳಿಸುತ್ತಾರೆ. ನೆರೆ ಬಂದಲ್ಲಿಗೆ ಅಕ್ಕಿ ಕೊಂಡುಹೋಗುತ್ತಾರೆ. ಮತ್ತೆ ದೊಡ್ಡ ದೇಶಗಳ ಹಡಗುಗಳಿಗೆ ಒಂದು ವಿಶೇಷ ಕೆಲಸ ಉಂಟಂತೆ, ಇನ್ನೊಬ್ಬರ ಬಂದರಿನ ಎದುರು ಹೋಗಿ ಸುಮ್ಮನೆ ನಿಲ್ಲುವುದು.

"ಸುಮ್ಮನೆ ನಿಂತರೆ ಎಂತ ಆಗ್ತದೆ?" ಎಂದು ಕೇಳಿದ್ದೆ.

"ಧಣಿಗಳ ಕಡೆಯವ ಒಬ್ಬ ಬಂದು ನಮ್ಮ ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಾ ಕೂತರೆ ಎಂತ ಆಗ್ತದೆ? ಅವ ಎಂತದೂ ಹೇಳುವುದಿಲ್ಲ. ಆದರೆ ಮನೆಯಲ್ಲಿ ಎಲ್ಲರೂ ಮೆಲ್ಲ ಮಾತಾಡ್ತಾರೆ. ಅಷ್ಟೇ."

ಪ್ರಪಂಚದ ರಾಜಕೀಯ ನನಗೆ ಅರ್ಥವಾಗಿದ್ದರೆ ಅದು ಇಷ್ಟೇ. ಆಮೇಲೆ ಎಷ್ಟು ಪೇಪರು ಓದಿದರೂ ಇದಕ್ಕಿಂತ ಹೆಚ್ಚು ಏನೂ ಸಿಕ್ಕಿಲ್ಲ.

ಹೀಗೆ ನಗುತ್ತಾ ಇದ್ದವರ ಮೇಲೆ ಅರುವತ್ತೈದರ ಯುದ್ಧ ಬಂದು ಬಿತ್ತು.

ನಮ್ಮ ಬೀದಿಯಲ್ಲಿ ರೇಡಿಯೋ ಇದ್ದದ್ದು ಬ್ಯಾರಿಗಳು ಎಂದು ನಾವು ಕರೆಯುವ ಮುಸ್ಲಿಂ ವ್ಯಾಪಾರಿಯ ಅಂಗಡಿಯಲ್ಲಿ. ಒಣಮೀನು, ಬೆಲ್ಲ, ಹಗ್ಗ ಮಾರುವ ಅಂಗಡಿ. ಅವರ ಅಣ್ಣ ಮಂಗಳೂರಿನ ಬಂದರಿನಿಂದ ಹಾಯಿ ಹಡಗಿನಲ್ಲಿ ಹೆಂಚು ಹೇರಿಕೊಂಡು ದೂರ ದೂರ ಹೋಗುವವರು, ಆಗಲೂ ಸಮುದ್ರದ ಮೇಲೆಯೇ ಇದ್ದರು. ಹಾಗಾಗಿ ವಾರ್ತೆಯ ಹೊತ್ತಿಗೆ ಅಂಗಡಿಯ ಒಳಗೆ ಬ್ಯಾರಿಗಳು, ಹೊರಗೆ ಕಟ್ಟೆಯಲ್ಲಿ ನನ್ನ ಅತ್ತೆ. ಅತ್ತೆಗೆ ರೇಡಿಯೋದ ಕನ್ನಡ ಅರ್ಥವಾಗುತ್ತಿರಲಿಲ್ಲ, ಬ್ಯಾರಿಗಳು ತುಳುವಿನಲ್ಲಿ ಹೇಳುತ್ತಿದ್ದರು. ಪಡುವಣ ಕರಾವಳಿಯ ಯಾವುದೋ ಊರಿಗೆ ವೈರಿಗಳು ಸಮುದ್ರದಿಂದ ಗುಂಡು ಹಾಕಿದರು ಎಂಬ ಸುದ್ದಿ ಬಂದ ದಿನ ಅವರು ತಟ್ಟನೆ ರೇಡಿಯೋ ಆರಿಸಿ, "ಬ್ಯಾಟರಿ ಮುಗಿಯಿತಮ್ಮ, ನಾಳೆ ನೋಡುವ" ಎಂದರು. ಅವರ ಅಂಗಡಿಯ ಕಪಾಟಿನಲ್ಲೇ ಮಾರಲು ಇಟ್ಟ ಬ್ಯಾಟರಿ ಸಾಲಾಗಿ ನಿಂತಿತ್ತು. ಅತ್ತೆ ಅದನ್ನು ನೋಡಿದರು. ಬ್ಯಾರಿಗಳ ಮುಖವನ್ನೂ ನೋಡಿದರು. ಮನೆಗೆ ಬಂದು ಕೈಕಾಲು ತೊಳೆದು, ಹಳದಿ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಎದುರು ಇಟ್ಟು ಹರಕೆ ಹೇಳಿಕೊಂಡರು. "ಮಗ ಸರಿಯಾಗಿ ಮನೆಗೆ ಬಂದರೆ ಅವನ ಹಡಗನ್ನು ಬೆಳ್ಳಿಯಲ್ಲಿ ಮಾಡಿಸಿ ಊರ ದೇವಸ್ಥಾನದ ಅಮ್ಮನವರಿಗೆ ಒಪ್ಪಿಸ್ತೇನೆ."

ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವ್ಯವಹಾರ. ಕಣ್ಣಿಗೆ ತೊಂದರೆಯಾದರೆ ಬೆಳ್ಳಿಯ ಕಣ್ಣು, ಕಾಲಿಗಾದರೆ ಬೆಳ್ಳಿಯ ಕಾಲು, ಮಕ್ಕಳಾಗದಿದ್ದರೆ ಬೆಳ್ಳಿಯ ತೊಟ್ಟಿಲು. ದೇವಸ್ಥಾನದ ಹುಂಡಿ ತೆರೆದರೆ ಒಂದು ಊರಿನ ಜನರನ್ನು ಬಿಡಿಬಿಡಿಯಾಗಿ ಜೋಡಿಸಬಹುದು. ನಾನು ಇದನ್ನೆಲ್ಲ ನಂಬುವವಳಲ್ಲ. ಆಗಲೂ ಅಲ್ಲ. ದೇವಿಗೆ ಬೆಳ್ಳಿಯ ಕಾಲು ಯಾಕೆ, ಅವಳೇನು ಕುಂಟಿಯಾ ಎಂದು ತವರಿನಲ್ಲಿ ಕೇಳಿ ಅಜ್ಜಿಯಿಂದ ಪೆಟ್ಟು ತಿಂದವಳು ನಾನು. ಆದರೆ ಆ ದಿನಗಳಲ್ಲಿ ಇವರಿಂದ ಒಂದು ಗೆರೆ ಕಾಗದ ಬಂದಿರಲಿಲ್ಲ. ನನಗೆ ಹೆದರಿಕೆಯಾಗಿತ್ತು. ಬಾಯಿ ಮುಚ್ಚಿಕೊಂಡು ಅತ್ತೆಯ ಜೊತೆ ಬಸ್ಸು ಹತ್ತಿದೆ.

ಹೋದದ್ದು ಮೂಡುಬಿದಿರೆಗೆ. ಅದು ಅತ್ತೆಯ ತವರು. ಅಲ್ಲಿನ ಆಚಾರಿಗಳ ಮನೆಯವರು ಬಸದಿಗಳಿಗೆ ಬೆಳ್ಳಿ ಕೆಲಸ ಮಾಡಿದವರು, ಅವರ ಕೈಯಿಂದ ಹೋದದ್ದನ್ನು ದೇವರು ತಿರುಗಿಸಿ ಕಳಿಸಿದ್ದಿಲ್ಲ ಎಂದು ಅತ್ತೆಯ ನಂಬಿಕೆ. ಮಗ ಬಂದ ಮೇಲೆ ಮಾಡಿಸಿದರೆ ಸಾಲದಾ ಎಂದು ಬಸ್ಸಿನಲ್ಲಿ ನಾನು ಕೇಳಿದ್ದಕ್ಕೆ, "ದೇವರಿಗೆ ಮಾಡಿಟ್ಟದ್ದನ್ನು ತೋರಿಸಬೇಕು. ಬರೀ ಬಾಯಿಮಾತಿಗೆ ಯಾರು ಕೆಲಸ ಮಾಡ್ತಾರೆ?" ಎಂದರು. ಅಮ್ಮನವರನ್ನು ಅವರು ಗೊನೆ ಕೊಯ್ಯಲು ಬರುವ ಆಳಿನ ಹಾಗೆಯೇ ನಡೆಸಿಕೊಳ್ಳುತ್ತಿದ್ದರು.

ಆಚಾರಿಗಳು ಕನ್ನಡಕವನ್ನು ಹಣೆಗೆ ಏರಿಸಿ ಕೇಳಿದರು. "ಹಡಗು ಅಂದರೆ ಎಂತ ಹಡಗಮ್ಮ? ನಾನು ಬಂದರಿನಲ್ಲಿ ಹಾಯಿ ಕಟ್ಟಿದ ಮಂಜಿ ನೋಡಿದ್ದೇನೆ. ಹಾಯಿ ಬೇಕಾ?"

"ಹಾಯಿ ಎಂತಕ್ಕೆ? ಯುದ್ಧದ ಹಡಗು. ಮುಂದೆ ಒಂದು ಫಿರಂಗಿ, ಹಿಂದೆ ಒಂದು. ಮಗ ಹಾರಿಸುವುದು ಮುಂದಿನದ್ದನ್ನು."

"ಸರಿಯಾಗಿ ಗೊತ್ತುಂಟಲ್ಲ?" ಎಂದರು ಆಚಾರಿಗಳು. "ಹರಕೆಯಲ್ಲಿ ಯಾವ ಅಂಗವೋ ಅದೇ ಅಂಗ ಆಗಬೇಕು. ನಾರಾವಿಯ ಒಬ್ಬರು ಎಡಗಾಲಿನ ನೋವಿಗೆ ಹರಕೆ ಹೇಳಿ ಅವಸರದಲ್ಲಿ ಬಲಗಾಲು ತೆಗೆದುಕೊಂಡು ಹೋದರು. ಬಲಗಾಲು ಮೊದಲೇ ಸರಿ ಇತ್ತು, ಇನ್ನೂ ಗಟ್ಟಿಯಾಯಿತು. ಎಡಗಾಲು ಎಳೆಯುತ್ತಾ ಈಗಲೂ ಬರ್ತಾರೆ, ಬೇಕಾದರೆ ಕೇಳಿ."

ಇದನ್ನು ಹೇಳುವಾಗ ಆಚಾರಿಗಳ ಮುಖದಲ್ಲಿ ನಗು ಇರಲಿಲ್ಲ. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಫಿರಂಗಿಯ ಹಡಗನ್ನು ಒಪ್ಪಿಸಿದರೆ ಅಮ್ಮನವರು ಫಿರಂಗಿಯ ಹಡಗನ್ನೇ ಕಾಯುತ್ತಾ ಕೂರುತ್ತಾರೆ. ನನ್ನ ಗಂಡ ಎಲ್ಲರ ಹಿಂದೆ ಎಣ್ಣೆ ಗಿಂಡಿಯಲ್ಲಿ ಕುಂಟಿಕೊಂಡು ಬರುತ್ತಾ ಇರುತ್ತಾರೆ, ಅವರನ್ನು ನೋಡುವವರಿಲ್ಲ. ಇಂಥ ಲೆಕ್ಕಾಚಾರ ಮೂರ್ಖತನ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೆ ಹೆದರಿಕೆ ಹೋಗುತ್ತದೆ ಎಂದು ಯಾರು ಹೇಳಿದ್ದು? ದೇವರಿಲ್ಲ ಎನ್ನುವುದು ಗಂಡ ಮನೆಯಲ್ಲಿದ್ದಾಗ ಮಾತಾಡಲು ಚಂದ.

ಆಚಾರಿಗಳ ಎದುರು ಅತ್ತೆಯ ಮರ್ಯಾದೆ ತೆಗೆಯುವುದು ಬೇಡ ಎಂದು ಸುಮ್ಮನಿದ್ದೆ. ಹಿಂದೆ ಬರುವಾಗ ಬಸ್ಸಿನಲ್ಲಿ, ಸಿದ್ದಕಟ್ಟೆಯ ಹತ್ತಿರ, ತಡೆಯಲಾಗಲಿಲ್ಲ. "ಅತ್ತೆ, ಅವರು ಫಿರಂಗಿ ಹಾರಿಸುವುದಲ್ಲ. ಅಡುಗೆ ಮಾಡುವುದು. ಅವರ ಹಡಗಿನಲ್ಲಿ ಹೇಳುವಂಥ ಫಿರಂಗಿಯೂ ಇಲ್ಲ. ಬೇರೆ ಹಡಗುಗಳಿಗೆ ಎಣ್ಣೆ ಕೊಂಡುಹೋಗುವ ಹಡಗು ಅದು."

ಅತ್ತೆ ನನ್ನ ಕಡೆ ತಿರುಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತಾ ಕೂತರು. ಪೇಟೆಯವರಿಗೆಲ್ಲ ವರ್ಷಗಟ್ಟಲೆ ಹೇಳಿಕೊಂಡು ಬಂದದ್ದು ಒಂದೇ ನಿಮಿಷದಲ್ಲಿ ಬಿದ್ದುಹೋಗಿತ್ತು. ಸೊಸೆಗೆ ಗೊತ್ತು, ತಾಯಿಗೆ ಗೊತ್ತಿಲ್ಲ, ಆ ಉರಿ ಬೇರೆ. ಬಂಟ್ವಾಳದಲ್ಲಿ ಇಳಿದು ಮನೆಯ ಮೆಟ್ಟಿಲು ಹತ್ತುವಾಗ ಮಾತು ಹೊರಟಿತು.

"ಅಡುಗೆ ಮಾಡ್ತಾನಾ? ಅವನಾ? ಈ ಮನೆಯಲ್ಲಿ ಒಂದು ಲೋಟ ತೊಳೆದವನಲ್ಲ."

"ಚಪಾತಿ ಚಂದ ಮಾಡ್ತಾರಂತೆ."

"ಮಾಡ್ಲಿ. ಬರಲಿ ಒಮ್ಮೆ. ಇಲ್ಲಿಯೂ ಮಾಡ್ಲಿ." ಆಮೇಲೆ ಬಾಗಿಲ ಚಿಲಕಕ್ಕೆ ಕೈ ಹಾಕಿದವರು ಹಾಗೇ ನಿಂತರು. "ಎಣ್ಣೆ ಅಂದೆಯಲ್ಲ. ಎಣ್ಣೆಯ ಹಡಗಿಗೆ ಗುಂಡು ತಾಗಿದರೆ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಫಿರಂಗಿ ಇಲ್ಲದ ಹಡಗು ಎಂದರೆ ಅಪಾಯ ಇಲ್ಲದ ಹಡಗು ಎಂದು ಇಷ್ಟು ವರ್ಷ ಹಾಯಾಗಿ ಮಲಗಿದವಳು ನಾನು. ಅತ್ತೆ ಒಂದೇ ಮಾತಿನಲ್ಲಿ ಅದನ್ನು ಚಿಮಣಿ ಎಣ್ಣೆಯ ಡಬ್ಬಿ ಮಾಡಿ ಒಲೆಯ ಪಕ್ಕದಲ್ಲಿಟ್ಟರು. ಇಬ್ಬರೂ ಬಾಗಿಲ ಹೊರಗೆ ನಿಂತು ಒಬ್ಬರ ಮುಖ ಒಬ್ಬರು ನೋಡಿದೆವು. ಮದುವೆಯಾದ ಮೇಲೆ ನಮ್ಮಿಬ್ಬರಿಗೂ ಒಂದೇ ವಿಷಯದಲ್ಲಿ ಒಂದೇ ಅಭಿಪ್ರಾಯ ಬಂದದ್ದು ಅದೇ ಮೊದಲು.

"ಫಿರಂಗಿ ಬೇಡ," ಎಂದರು ಅತ್ತೆ. "ಎಣ್ಣೆಯ ಹಡಗನ್ನೇ ಮಾಡಲಿಕ್ಕೆ ಹೇಳುವ."

ಮರುದಿನ ಮತ್ತೆ ಮೂಡುಬಿದಿರೆ. ಪುಣ್ಯಕ್ಕೆ ಆಚಾರಿಗಳು ಇನ್ನೂ ಕೈ ಹಚ್ಚಿರಲಿಲ್ಲ. ಎಣ್ಣೆಯನ್ನು ತೋರಿಸುವುದು ಹೇಗೆ ಎಂದು ಅಲ್ಲಿ ಹೊಸ ಚರ್ಚೆ. ಟಾಂಕಿ ಹಡಗಿನ ಹೊಟ್ಟೆಯೊಳಗೆ ಇರುತ್ತದೆ, ಹೊರಗೆ ಕಾಣುವುದಿಲ್ಲ ಎಂದು ಇವರಿಂದ ಕಲಿತ ವಿದ್ಯೆಯನ್ನು ನಾನು ಹೇಳಿದೆ.

"ಹೊಟ್ಟೆಯೊಳಗೆ ಇದ್ದರೆ ಅಮ್ಮನವರಿಗೆ ಹೇಗೆ ಗೊತ್ತಾಗಬೇಕು?" ಎಂದರು ಅತ್ತೆ.

ಹಾಗಾಗಿ ಆಚಾರಿಗಳು ಒಂದು ಮಂಜಿ ಮಾಡಿ, ಹಾಯಿ ತೆಗೆದು, ಅದರ ಮೇಲೆ ದೊಡ್ಡ ದೊಡ್ಡ ಡಬ್ಬಿಗಳನ್ನು ಕೂರಿಸಿದರು. ಹಿಂದುಗಡೆ ಹೊಗೆ ಹೋಗಲು ಒಂದು ಕೊಳವೆ. ಕೈಯಗಲದ ಬೆಳ್ಳಿ ಹಡಗು. ದೂರದಿಂದ ನೋಡಿದರೆ ಯಾರೋ ಗಾಣದ ಮನೆಯವರು ಸಾಮಾನು ಸಮೇತ ಊರು ಬಿಟ್ಟು ಹೊರಟ ಹಾಗೆ ಇತ್ತು. ಅತ್ತೆ ಅದನ್ನು ದೇವರ ಕೋಣೆಯಲ್ಲಿ ಹಳದಿ ಬಟ್ಟೆಯ ಗಂಟಿನ ಪಕ್ಕದಲ್ಲಿಟ್ಟು ದಿನಾ ಹೂ ಇಟ್ಟರು. ಅತ್ತೆ ಬಾವಿಕಟ್ಟೆಗೆ ಹೋದಾಗ ನಾನೂ ಇಟ್ಟಿದ್ದೇನೆ. ನಂಬಿಕೆ ಇಲ್ಲದವರು ಹೂ ಇಡಬಾರದು ಎಂದು ಎಲ್ಲೂ ಬರೆದಿಲ್ಲ.

ಅಂತೂ ಯುದ್ಧ ನಿಂತಿತು. ಬ್ಯಾರಿಗಳ ಅಣ್ಣ ಖರ್ಜೂರ ಹೇರಿಕೊಂಡು ಬಂದಿಳಿದರು, ನಮ್ಮ ಮನೆಗೂ ಒಂದು ಪೊಟ್ಟಣ ಬಂತು. ಆಮೇಲೆ ಸ್ವಲ್ಪ ಸಮಯಕ್ಕೆ ಒಂದು ಮಧ್ಯಾಹ್ನ ಇವರು ಬಸ್ಸಿನಿಂದ ಇಳಿದು ಟ್ರಂಕು ಹೊತ್ತುಕೊಂಡು ಬಂದರು. ತೆಳ್ಳಗಾಗಿದ್ದರು. ಅತ್ತೆ ಅಳಲಿಲ್ಲ. "ಒಳಗೆ ಅಕ್ಕಿ ಉಂಟು, ಅನ್ನಕ್ಕಿಡು, ನೋಡುವ ನಿನ್ನ ಕೈಗುಣ" ಎಂದು ನೇರ ಅಡುಗೆಮನೆ ತೋರಿಸಿದರು. ಇವರು ನನ್ನನ್ನು ನೋಡಿದರು, ನಾನು ತಲೆ ಎತ್ತಿ ಮಾಡಿನ ಹೆಂಚು ನೋಡಿದೆ.

ಊಟವಾದ ಮೇಲೆ ಅತ್ತೆ ಬೆಳ್ಳಿ ಹಡಗನ್ನು ತಂದು ಮಗನ ಕೈಯಲ್ಲಿಟ್ಟರು. ಇವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಎಂತದು ಎಂದು ಕೇಳಿದರು.

"ನಿನ್ನ ಹಡಗು."

ಇವರು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಟಾಂಕಿಗಳನ್ನು ಒಂದೊಂದಾಗಿ ಮುಟ್ಟಿ ನಕ್ಕರು. ನಗುತ್ತಾ ನಗುತ್ತಾ, ಮಾತು ಜಾರಿತು. "ಇದರಲ್ಲಿ ನಾನು ಇರಲೇ ಇಲ್ಲ ಅಮ್ಮ. ಯುದ್ಧಕ್ಕೆ ಸ್ವಲ್ಪ ಮೊದಲು ನನ್ನನ್ನು ಬೇರೆ ಹಡಗಿಗೆ ಹಾಕಿದರು. ಫಿರಂಗಿ ಹಡಗಿಗೆ."

ಇವರಿಗೆ ತಪ್ಪಿದ್ದು ಗೊತ್ತಾಯಿತು, ಆದರೆ ಬಾಯಿಂದ ಬಿದ್ದದ್ದನ್ನು ಹೆಕ್ಕಲಾಗುವುದಿಲ್ಲ. ನಾನು ಒಂದೊಂದೇ ಕೇಳಿದೆ, ಇವರು ಒಂದೊಂದೇ ಹೇಳಿದರು. ಕೇಳಿದರೆ ಸುಳ್ಳು ಹೇಳುವವರಲ್ಲ ಎಂದೆನಲ್ಲ. ಆ ಕಾವಲಿಯಂಥ ದೊಡ್ಡ ಹಡಗು ಯುದ್ಧದ ಹೊತ್ತಿಗೆ ರಿಪೇರಿಗೆ ಕೂತಿತ್ತಂತೆ, ದಿಬ್ಬಣ ಹೊರಡುವ ಹೊತ್ತಿಗೆ ಹಿರಿಯರಿಗೆ ಕಾಲುನೋವು ಬಂದ ಹಾಗೆ. ಸೌಟುಗಳೇ ಸಮುದ್ರದಲ್ಲಿ ಸುತ್ತಿದವಂತೆ. ವೈರಿಯ ಮುಳುಗುವ ಹಡಗು ಎಲ್ಲೋ ಅಡಿಯಲ್ಲಿ ಉಂಟು ಎಂದು ದಿನವಿಡೀ ಕಿವಿ ಕೊಟ್ಟು ಕೂರುವುದಂತೆ.

"ನೀವು ಅಡುಗೆಮನೆಯಲ್ಲಿ ಅಲ್ಲವಾ?" ಎಂದೆ.

"ಗಂಟೆ ಹೊಡೆದರೆ ಅಡುಗೆಯವ ಅಂತ ಇಲ್ಲ ಮಾರಾಯ್ತಿ. ಒಲೆ ಆರಿಸಿ ಕೆಳಗೆ ಓಡಬೇಕು. ಗುಂಡು ಇಡುವ ಕೋಣೆ ಹಡಗಿನ ಅಡಿಯಲ್ಲಿರ್ತದೆ. ಅಲ್ಲಿಂದ ಮೇಲಕ್ಕೆ ದಾಟಿಸುವವರಲ್ಲಿ ನಾನೂ ಒಬ್ಬ. ಮೇಲಿನ ಬಾಗಿಲು ಹಾಕಿಕೊಳ್ತಾರೆ."

"ಬಾಗಿಲು ಹಾಕುವುದು ಎಂತಕ್ಕೆ?"

ಇವರು ಬೆಳ್ಳಿ ಹಡಗನ್ನು ಮೆಲ್ಲ ಕೆಳಗಿಟ್ಟರು. "ನೀರು ಒಳಗೆ ಬಂದರೆ ಆ ಕೋಣೆಯಲ್ಲೇ ನಿಲ್ಲಲಿ ಅಂತ."

ನನಗೆ ಸಿಟ್ಟು ಬಂತು. ಎಂಥ ಸಿಟ್ಟು ಎಂದರೆ ಕಾವಲಿ ಎತ್ತಿ ತಲೆಗೆ ಹೊಡೆಯಬೇಕು ಎನ್ನುವಂಥ ಸಿಟ್ಟು. ಹಡಗು ಬದಲಾದದ್ದನ್ನು ಒಂದು ಗೆರೆ ಬರೆಯಲಿಕ್ಕೆ ಏನಾಗಿತ್ತು? "ಬರೆದಿದ್ದರೆ ನೀನು ಹೆದರುತ್ತಿದ್ದೆ" ಎಂದರು. ನಾನು ಹೆದರಲಿಲ್ಲವಾ? ದಿನಾ ಹೆದರಿದೆ. ಆದರೆ ತಪ್ಪು ಹಡಗಿಗೆ ಹೆದರಿದೆ, ತಪ್ಪು ಹಡಗಿಗೆ ಹೂ ಇಟ್ಟೆ. ಇವರು ಅಲ್ಲಿ ಬಾಗಿಲು ಹಾಕಿದ ಕೋಣೆಯಲ್ಲಿ ಬೆವರುತ್ತಾ ಗುಂಡು ದಾಟಿಸುವಾಗ ನಾನು ಇಲ್ಲಿ ಎಣ್ಣೆ ಡಬ್ಬಿಗಳಿಗೆ ಗೊಂಡೆ ಹೂ ಏರಿಸುತ್ತಾ ಕೂತಿದ್ದೆ. ಅತ್ತೆ ಮೊದಲು ಹೇಳಿದ್ದೇ ಸರಿಯಾಗಿತ್ತು, ಮುಂದೆ ಒಂದು ಫಿರಂಗಿ, ಹಿಂದೆ ಒಂದು. ಸತ್ಯ ಹೇಳಿ ಅದನ್ನು ಹಾಳು ಮಾಡಿದವಳು ನಾನು. ಆದರೂ ಮನುಷ್ಯ ಬಂದಿದ್ದಾರೆ, ಎದುರು ಕೂತಿದ್ದಾರೆ, ಹಲ್ಲಿನ ಸಂದಿನಲ್ಲಿ ಸೊಪ್ಪು ಸಿಕ್ಕಿಕೊಂಡಿದೆ. ಇನ್ನು ಈ ಬೆಳ್ಳಿಯ ಲೆಕ್ಕ ಯಾರಿಗೆ ಬೇಕು ಎಂದು ಬುದ್ಧಿ ಹೇಳುತ್ತಿತ್ತು.

ಅತ್ತೆ ಮಾತ್ರ ವ್ಯವಹಾರದ ಮಾತಿಗೆ ಬಂದರು. "ಎಷ್ಟು ಫಿರಂಗಿ?"

ಇವರು ಹೇಳಿದರು.

ಮರುದಿನ ಬೆಳಗಿನ ಬಸ್ಸಿಗೆ ಅತ್ತೆಯೂ ನಾನೂ ಮೂಡುಬಿದಿರೆಗೆ ಹೊರಟೆವು. ಮದುವೆಯಲ್ಲಿ ತವರಿನವರು ಕೊಟ್ಟ ನನ್ನ ಕಾಲ್ಗೆಜ್ಜೆಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದೆ. ಅದನ್ನು ಕೊಡು ಎಂದು ಅತ್ತೆ ಕೇಳಿದ್ದಲ್ಲ, ನಾನೇ ಬಿಚ್ಚಿದ್ದು. ಆಚಾರಿಗಳು ಗೆಜ್ಜೆಯನ್ನು ನೋಡಿದರು, ಹಡಗನ್ನು ನೋಡಿದರು, ವಿಷಯ ಕೇಳಿ ಕನ್ನಡಕವನ್ನು ಹಣೆಗೆ ಏರಿಸಿದರು.

"ಊರು ಕೊಳ್ಳೆ ಹೋದ ಮೇಲೆ ಕೋಟೆಗೆ ಬಾಗಿಲು ಇಟ್ಟ ಹಾಗಾಯ್ತಲ್ಲ ಅಮ್ಮ! ಅವರು ಬಂದಾಯ್ತು, ಉಂಡಾಯ್ತು, ಮಲಗಿಯೂ ಆಯ್ತು. ಇನ್ನು ಫಿರಂಗಿ ಎಂತಕ್ಕೆ?"

ಅತ್ತೆ ಬಾಯಿ ತೆರೆಯುವ ಮೊದಲು ನಾನೇ ಉತ್ತರ ಕೊಟ್ಟೆ. "ಬಂದದ್ದಕ್ಕೆ ಅಲ್ಲ ಆಚಾರ್ರೇ. ರಜೆ ಮುಗಿದ ಮೇಲೆ ಮತ್ತೆ ಹೋಗ್ತಾರಲ್ಲ, ಅದಕ್ಕೆ."

ಆಚಾರಿಗಳು ಕನ್ನಡಕ ಕೆಳಗಿಳಿಸಿ, ಗೆಜ್ಜೆಯಿಂದ ಮಣಿಗಳನ್ನು ಬಿಡಿಸಲು ತೊಡಗಿದರು. ಆಮೇಲೆ ಚಿಕ್ಕ ಚಿಮುಟ ತೆಗೆದುಕೊಂಡು ಹಡಗಿನ ಮೇಲಿನ ಮೊದಲ ಡಬ್ಬಿಗೆ ಕೈ ಹಾಕಿದರು. "ಹಾಗಾದರೆ ಈ ಎಣ್ಣೆ ಟಾಂಕಿಗಳನ್ನು ತೆಗೀತೇನೆ. ಜಾಗ ಸಾಲುವುದಿಲ್ಲ."

"ತೆಗೀಬೇಡಿ," ಎಂದರು ಅತ್ತೆ.

"ಅದರಲ್ಲಿ ನಿಮ್ಮ ಮಗ ಇಲ್ಲ ಅಂತ ಹೇಳಿದಿರಲ್ಲ."

"ನನ್ನ ಮಗ ಇಲ್ಲ. ಅವನ ಜಾಗಕ್ಕೆ ಬಂದವ ಒಬ್ಬ ಇರ್ತಾನಲ್ಲ. ಅವನೂ ಯಾರದ್ದೋ ಮನೆಯಲ್ಲಿ ಲೋಟ ತೊಳೆಯದವನೇ. ಇರಲಿ."

ಹಾಗೆ ಟಾಂಕಿಗಳ ನಡುವೆ ನನ್ನ ಗೆಜ್ಜೆ ಫಿರಂಗಿಯಾಗಿ ಕೂತಿತು. ಪ್ರಪಂಚದ ಯಾವ ದೇಶದ ಪಡೆಯಲ್ಲೂ ಅಂಥ ಹಡಗು ಇಲ್ಲ, ಇರಲಿಕ್ಕೂ ಸಾಧ್ಯವಿಲ್ಲ ಎಂದು ಹರಕೆ ಒಪ್ಪಿಸಲು ಹೋದ ದಿನ ಇವರು ದೇವಸ್ಥಾನದ ಅಂಗಳದಲ್ಲಿ ನಿಂತು ನನಗೆ ಪಾಠ ಮಾಡಲು ಹೊರಟರು. ಅಷ್ಟು ಎಣ್ಣೆಯ ಪಕ್ಕದಲ್ಲಿ ಅಷ್ಟು ಫಿರಂಗಿ ಇಟ್ಟರೆ ಮೊದಲ ಗುಂಡಿಗೇ ಹಡಗು ಹೊತ್ತಿ ಉರಿಯುತ್ತದಂತೆ. ಬಾಯಿ ಮುಚ್ಚಿ ಎಂದೆ. ಜನರ ಎದುರು ಗಂಡನಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಭಟ್ರು ಹಡಗನ್ನು ತಟ್ಟೆಯಲ್ಲಿಟ್ಟುಕೊಂಡು ಒಳಗೆ ಹೋದರು. ಅತ್ತೆ ಕೈ ಮುಗಿದರು. ಇವರು ಕೈ ಮುಗಿದರು. ನಾನು ನಂಬದವಳು, ಕಣ್ಣು ಬಿಟ್ಟುಕೊಂಡೇ ನಿಂತಿದ್ದೆ, ಭಟ್ರು ಅದನ್ನು ಅಮ್ಮನವರ ಕಾಲಿನ ಹತ್ತಿರ ಸರಿಯಾಗಿ ಇಡುತ್ತಾರೋ ಇಲ್ಲವೋ ಎಂದು. ಹಡಗಿನ ಮೂತಿ ಗೋಡೆಯ ಕಡೆಗೆ ಮಾಡಿ ಇಟ್ಟರು.

"ಭಟ್ರೇ," ಎಂದು ಹೊರಗಿನಿಂದ ಕೂಗಿದೆ. "ಅದನ್ನು ಸ್ವಲ್ಪ ತಿರುಗಿಸಿ ಇಡಿ. ಮನೆಯ ಕಡೆಗೆ ಮುಖ ಇರಲಿ."